ಅವರಿಗೆ ಹೇಳಬೇಡಿ

ವೈದ್ಯರ ಕೋಣೆಯಿಂದ ರೋಗಿ ಮೊದಲು ಹೊರಗೆ ಬರುತ್ತಾರೆ. ಜೊತೆಗೆ ಬಂದಿದ್ದ ಮಗನೋ ಅಳಿಯನೋ, ಕೊಡೆಯನ್ನು ಮರೆತವನಂತೆ ಮತ್ತೆ ಒಳಕ್ಕೆ ಹೋಗಿ, ಬಾಗಿಲನ್ನು ಅರ್ಧ ಮುಂದೆ ಮಾಡಿಕೊಂಡು, ತಗ್ಗಿದ ದನಿಯಲ್ಲಿ ಹೇಳುತ್ತಾನೆ: “ಏನಿದ್ದರೂ ನಮಗೆ ಹೇಳಿ ಡಾಕ್ಟರೇ. ಅವರಿಗೆ ಮಾತ್ರ ಹೇಳಬೇಡಿ.” ಕ್ಯಾನ್ಸರ್ ರೋಗಿಗಳು ಬರುವ ಆಸ್ಪತ್ರೆ ಬೆಂಗಳೂರಿನದಾಗಲಿ, ಹುಬ್ಬಳ್ಳಿಯದಾಗಲಿ, ಮಂಗಳೂರಿನದಾಗಲಿ, ಅಲ್ಲಿಯ ವೈದ್ಯರಿಗೆ ಈ ಮಾತು ಹೊಸದಲ್ಲ. ಹೇಳುವವನು ಕಪಟಿಯೂ ಅಲ್ಲ. ತಂದೆಯ ಮೇಲಿನ ಅಕ್ಕರೆಯಿಂದಲೇ ಹೇಳುತ್ತಾನೆ. ಆದರೆ ಆ ಅರ್ಧ ಮುಚ್ಚಿದ ಬಾಗಿಲಿನಿಂದ ಮುಂದೆ ಆ ಮನೆಯಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ಇಂದು ತಮ್ಮ ಮುಂದೆ ಇಡಬೇಕೆಂದಿದ್ದೇನೆ. ಚಿಕಿತ್ಸೆಯ ವಿಚಾರವನ್ನು ನಾನು ಹೇಳಹೊರಟಿಲ್ಲ. ಅದನ್ನು ಹೇಳಬಲ್ಲ ತಜ್ಞರು ಬೇರೆ ಇದ್ದಾರೆ. ರೋಗಿ ಒಬ್ಬರಾದರೂ ರೋಗ ಮನೆಗೆಲ್ಲ ಬಂದಿರುತ್ತದಲ್ಲ, ಆ ಮನೆಯವರ ದುಃಖ ನನ್ನ ವಿಷಯ.

ಮೊದಲು ಈ ಹೆಸರಿನ ಮಾತು. ಗ್ರೀಕರು ಈ ವ್ಯಾಧಿಯನ್ನು ಏಡಿಯ ಹೆಸರಿನಿಂದ ಕರೆದರು. ಅದೇ ಲ್ಯಾಟಿನ್ ಭಾಷೆಗೆ ಬಂದು ಕ್ಯಾನ್ಸರ್ ಆಯಿತು. ನಮ್ಮ ಸುಶ್ರುತ ಸಂಹಿತೆಯಲ್ಲಿ ಅರ್ಬುದವೆಂಬ ಮಾತಿದೆ. ನಮ್ಮ ಮನೆಗಳಲ್ಲಿ ಇವೆರಡೂ ಬಾಯಿಗೆ ಬರುವುದಿಲ್ಲ. ‘ಗಡ್ಡೆ’ ಎನ್ನುತ್ತೇವೆ, ‘ಹುಣ್ಣು’ ಎನ್ನುತ್ತೇವೆ, ‘ಆ ಕಾಯಿಲೆ’ ಎಂದು ಸುಮ್ಮನಾಗುತ್ತೇವೆ. ರಾತ್ರಿಯ ಹೊತ್ತು ಹಾವನ್ನು ಹಾವೆನ್ನದೆ ಹುಳ ಎನ್ನುತ್ತಿದ್ದರಲ್ಲ, ಹಾಗೆ. ಹೆಸರಿಡಿದು ಕರೆದರೆ ಎಲ್ಲಿ ಬಂದುಬಿಡುತ್ತದೋ ಎಂಬ ಅಂಜಿಕೆ. ಆದರೆ 2022ನೆಯ ಇಸವಿಯ ಅಂದಾಜಿನಂತೆ ನಮ್ಮ ದೇಶದಲ್ಲಿ ಆ ಒಂದು ವರ್ಷದಲ್ಲೇ ಸುಮಾರು 14 ಲಕ್ಷ ಜನರಿಗೆ ಹೊಸದಾಗಿ ಈ ರೋಗ ಕಂಡುಬಂದಿತು. 9 ಲಕ್ಷಕ್ಕೂ ಮಿಕ್ಕಿ ಜನ ಇದರಿಂದ ತೀರಿಕೊಂಡರು. ಅಷ್ಟು ಮನೆಗಳಿಗೆ ಹೆಸರು ಹೇಳದೆಯೇ ಬಂದಿತೆಂದಾಯಿತು.

ವರದಿ ಕೈಗೆ ಬಂದ ದಿನ ಒಂದು ಮನೆಯಲ್ಲಿ ಹೇಗಿರುತ್ತದೆ? ದೊಡ್ಡ ಮಗನಿಗೆ ಎಲ್ಲವೂ ಗೊತ್ತು. ತಾಯಿಗೆ ಅರ್ಧ ಹೇಳಿದ್ದಾನೆ. ತಂಗಿಗೆ ಪರೀಕ್ಷೆ ಮುಗಿಯುವ ತನಕ ತಿಳಿಸಕೂಡದು. ಎಂಬತ್ತರ ಅಜ್ಜಿಗಂತೂ ಸುದ್ದಿಯೇ ಇಲ್ಲ. ದೂರದೂರಿನಲ್ಲಿರುವ ಅಣ್ಣತಮ್ಮಂದಿರಲ್ಲಿ ಒಬ್ಬರಿಗೆ ಹೇಳಿದೆ, ಇನ್ನೊಬ್ಬರಿಗೆ ಹೇಳಿದರೆ ಊರಿಗೆಲ್ಲ ಹರಡುತ್ತದೆಂದು ಬಿಟ್ಟಿದೆ. ಯಾರಿಗೆ ಏನು ಹೇಳಿದ್ದೇವೆಂಬುದನ್ನು ಅಂಗಡಿಯ ಲೆಕ್ಕದಂತೆ ನೆನಪಿನಲ್ಲಿಟ್ಟುಕೊಳ್ಳಬೇಕು. ಒಬ್ಬಳು ಅಳುವುದಕ್ಕೆ ಬಚ್ಚಲಮನೆಗೆ ಹೋಗುತ್ತಾಳೆ, ಒಬ್ಬ ಬೀದಿಯ ಕೊನೆಯವರೆಗೆ ನಡೆದುಬರುತ್ತಾನೆ. ಇತ್ತ ರೋಗಿಯ ತಟ್ಟೆಗೆ ಕೇಳದೆಯೇ ತುಪ್ಪ ಬೀಳುತ್ತದೆ. ನಿನ್ನೆಯ ತನಕ ಮಾತುಮಾತಿಗೆ ರೇಗುತ್ತಿದ್ದ ಹೆಂಡತಿ ಇಂದು ಎಲ್ಲಕ್ಕೂ ‘ಆಗಲಿ’ ಎನ್ನುತ್ತಾಳೆ. ಮೂವತ್ತು ವರ್ಷ ಜೊತೆಯಲ್ಲಿ ಬಾಳಿದವರಿಗೆ ಇದು ತಿಳಿಯುವುದಿಲ್ಲವೆಂದು ನಾವು ನಂಬುತ್ತೇವೆ!

ತಿಳಿಯುತ್ತದೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ 1973ರಿಂದ ನಡೆಯುತ್ತಿದೆ. ಅದು ಯಾವ ರೋಗದ ಆಸ್ಪತ್ರೆಯೆಂಬುದು ರಾಯಚೂರಿನಿಂದ ಬರುವ ಬಸ್ಸಿನ ಕಂಡಕ್ಟರನಿಗೂ ಗೊತ್ತು. ಅಲ್ಲಿಯ ಬೆಂಚಿನ ಮೇಲೆ ಎರಡು ಗಂಟೆ ಕುಳಿತವರಿಗೆ ಪಕ್ಕದವರು ತಾವಾಗಿಯೇ ಎಲ್ಲವನ್ನೂ ಹೇಳುತ್ತಾರೆ. ಇನ್ನು, ಕೂದಲು ಉದುರುವ ಮದ್ದು ಯಾವ ಕಾಯಿಲೆಗೆ ಎಂಬುದನ್ನು ಸಿನಿಮಾ ನೋಡಿದವರೆಲ್ಲರೂ ಬಲ್ಲರು. ರೋಗಿಗೆ ಗೊತ್ತು, ಗೊತ್ತಿರುವುದು ಮನೆಯವರಿಗೂ ಒಳಗೊಳಗೆ ಗೊತ್ತು, ಆದರೂ ಇಬ್ಬರೂ ಗೊತ್ತಿಲ್ಲದಂತೆ ನಡೆದುಕೊಳ್ಳುತ್ತಾರೆ. ಗ್ಲೇಸರ್ ಮತ್ತು ಸ್ಟ್ರಾಸ್ ಎಂಬ ಇಬ್ಬರು ಅಮೆರಿಕದ ಸಮಾಜಶಾಸ್ತ್ರಜ್ಞರು ಆಸ್ಪತ್ರೆಗಳಲ್ಲಿ ಕುಳಿತು ಇದನ್ನು ಗಮನಿಸಿ 1965ರಲ್ಲಿ ಒಂದು ಪುಸ್ತಕ ಬರೆದರು. ಸಾಯುವವರ ಸುತ್ತ ಇರುವ ತಿಳಿವಳಿಕೆಯಲ್ಲಿ ಅವರು ನಾಲ್ಕು ಬಗೆ ಹೇಳಿದ್ದಾರೆ. ಅದರಲ್ಲಿ ಈ ಪರಸ್ಪರ ನಟನೆಯೂ ಒಂದು. ಈ ನಾಟಕದಲ್ಲಿ ನೋಡುವವರು ಯಾರೂ ಇರುವುದಿಲ್ಲ, ಎಲ್ಲರೂ ಪಾತ್ರಧಾರಿಗಳೇ.

ನಮ್ಮ ಕಡೆಯ ಊರೊಂದರಲ್ಲಿ ನಿವೃತ್ತ ಮೇಷ್ಟರೊಬ್ಬರಿದ್ದರು. ಹೊಟ್ಟೆಯ ಕ್ಯಾನ್ಸರ್. ಮನೆಯವರು ‘ಅಲ್ಸರ್’ ಎಂದು ಹೇಳಿದ್ದರು, ಅವರೂ ‘ಅಲ್ಸರ್’ ಎಂದೇ ನಾಲ್ಕು ಜನರಿಗೆ ಹೇಳಿಕೊಂಡು ಬಂದರು. ಹೆಂಡತಿ ಕೊನೆಯ ತನಕ ಬಾಯಿ ಬಿಡಲಿಲ್ಲ. ಅವರು ತೀರಿಕೊಂಡ ಮೇಲೆ ಪೆಟ್ಟಿಗೆಯಲ್ಲಿ ಹಳೆಯ ಹಾಜರಿ ಪುಸ್ತಕದ ಹಿಂದಿನ ಪುಟಗಳು ಸಿಕ್ಕಿದವು. ವಿಮೆಯ ಪಾಲಿಸಿಗಳ ಸಂಖ್ಯೆ, ಬ್ಯಾಂಕಿನ ಖಾತೆಗೆ ಹೆಂಡತಿಯ ಹೆಸರು ಸೇರಿಸಿದ ದಿನಾಂಕ, ಯಾವ ಬೀಗದ ಕೈ ಎಲ್ಲಿದೆ, ಯಾರಿಗೆ ಎಷ್ಟು ಕೊಡಬೇಕು, ಎಲ್ಲವನ್ನೂ ದುಂಡಗಿನ ಅಕ್ಷರದಲ್ಲಿ ಬರೆದಿಟ್ಟಿದ್ದರು. ಬರೆದದ್ದು ಸಾಯುವುದಕ್ಕೆ ಐದು ತಿಂಗಳ ಮುಂಚೆ. ಕೆಳಗೆ ಒಂದು ಸಾಲು: ‘ಇವಳಿಗೆ ಈಗಲೇ ತಿಳಿಯುವುದು ಬೇಡ, ತಡೆದುಕೊಳ್ಳಲಾರಳು.’ ಆಕೆಯನ್ನು ವರ್ಷದ ಮೇಲೆ ಕಂಡಾಗಲೂ ಆಕೆ ಅಳುತ್ತಿದ್ದುದು ಗಂಡ ಹೋದರೆಂದಲ್ಲ. “ಐದು ತಿಂಗಳು ಒಂದೇ ಮನೆಯಲ್ಲಿದ್ದೆವು. ಅವರೊಬ್ಬರೇ ಅತ್ತರು, ನಾನೊಬ್ಬಳೇ ಅತ್ತೆ” ಎಂದರು.

ಹೀಗೆ ಮುಚ್ಚಿಡುವುದು ನಮ್ಮ ದೇಶದ ಸಂಪ್ರದಾಯವೆಂದೂ, ಪಾಶ್ಚಾತ್ಯರು ಎಲ್ಲವನ್ನೂ ಮುಖಕ್ಕೆ ಹೊಡೆದಂತೆ ಹೇಳಿಬಿಡುತ್ತಾರೆಂದೂ ಒಂದು ಮಾತಿದೆ. ಅದು ಪೂರ್ತಿ ನಿಜವಲ್ಲ. 1961ರಲ್ಲಿ ಷಿಕಾಗೋ ನಗರದ ಒಂದು ಆಸ್ಪತ್ರೆಯ ಇನ್ನೂರಕ್ಕೂ ಹೆಚ್ಚು ವೈದ್ಯರನ್ನು ವಿಚಾರಿಸಿದಾಗ ನೂರಕ್ಕೆ ಸುಮಾರು ತೊಂಬತ್ತು ಮಂದಿ, ಕ್ಯಾನ್ಸರ್ ಎಂದು ರೋಗಿಗೆ ಹೇಳದಿರುವುದೇ ತಮ್ಮ ವಾಡಿಕೆಯೆಂದು ಉತ್ತರ ಕೊಟ್ಟರು. 1979ರಲ್ಲಿ ಅಮೆರಿಕದ ಇನ್ನೊಂದೆಡೆ ಅಂಥದೇ ಪ್ರಶ್ನೆಗಳನ್ನು ಕೇಳಿದಾಗ ನೂರಕ್ಕೆ ತೊಂಬತ್ತೇಳು ಮಂದಿ, ಹೇಳುವುದೇ ತಮ್ಮ ವಾಡಿಕೆ ಎಂದರು. ಹದಿನೆಂಟು ವರ್ಷಗಳಲ್ಲಿ ಮನುಷ್ಯರ ಎದೆಗಾರಿಕೆ ಬದಲಾಯಿಸಿತೆಂದಲ್ಲ. ಚಿಕಿತ್ಸೆ ಮುಂದುವರಿಯಿತು, ಹೇಳುವುದಕ್ಕೆ ಒಂದಿಷ್ಟು ಒಳ್ಳೆಯ ಮಾತೂ ದೊರಕಿತು, ರೋಗಿಗಳೂ ಕೇಳತೊಡಗಿದರು. ನಮ್ಮಲ್ಲಿ ಇನ್ನೊಂದು ಕಾರಣವೂ ಇದೆ. ಇಲ್ಲಿ ಹಣ ಕಟ್ಟುವವನು ಮಗ, ನಿವೇಶನ ಮಾರುವವನು ಮಗ, ರಜೆ ಹಾಕಿ ಓಡಾಡುವವನು ಮಗ. ಆದ್ದರಿಂದ ಸುದ್ದಿಯೂ ಅವನ ಸ್ವತ್ತು ಎಂದಾಗಿಬಿಟ್ಟಿದೆ. ಇದನ್ನು ಹೀಗಳೆಯಲಾರೆ. ಕೂಡುಕುಟುಂಬ ಕರಗಿಹೋದ ಮೇಲೂ ಕಷ್ಟವನ್ನು ಕೂಡಿ ಹೊರುವ ಗುಣ ಇನ್ನೂ ಉಳಿದಿರುವುದರ ಗುರುತು ಅದು. ಆದರೆ ಕಾಯಿಲೆ ಯಾರ ಮೈಯಲ್ಲಿದೆಯೋ ಅವರನ್ನು ಹೊರಗಿಟ್ಟು ಕೂಡಿ ಹೊರುವುದು ಎಂಥ ಕೂಡಿಕೆ?

“ಹೇಳಿದರೆ ಎದೆಯೊಡೆದು ಹೋಗುತ್ತಾರೆ” ಎನ್ನುತ್ತಾರೆ. ಮೊದಲ ಕೆಲವು ದಿನ ಊಟ ಸೇರದು, ನಿದ್ರೆ ಬಾರದು, ನಿಜ. ಆಮೇಲೆ ಬಹಳ ಮಂದಿ ಒಂದು ಬಗೆಯಲ್ಲಿ ನಿಲುಕಡೆಗೆ ಬರುತ್ತಾರೆ. ಏನೆಂದು ತಿಳಿಯದೆ ಇರುಳೆಲ್ಲ ಊಹಿಸುವುದೇ ಅದಕ್ಕಿಂತ ಭಾರ. ಅಲ್ಲದೆ, ಆರು ಸರದಿ ಕೀಮೋ ಮದ್ದು, ಐದು ವಾರ ವಿಕಿರಣ, ದವಡೆಯನ್ನೋ ಸ್ತನವನ್ನೋ ತೆಗೆಯುವ ಶಸ್ತ್ರಕ್ರಿಯೆ, ಇವನ್ನೆಲ್ಲ ‘ಸಣ್ಣ ಗಡ್ಡೆ’ಗೆ ಒಪ್ಪಿಕೊಳ್ಳಿ ಎಂದು ಯಾರನ್ನು ಹೇಗೆ ಕೇಳುವುದು? ಒಪ್ಪದೆ ಅರ್ಧಕ್ಕೆ ಬಿಟ್ಟುಬಿಟ್ಟವರು ಎಷ್ಟೋ ಮಂದಿ, ತಮಗೆ ಏನಾಗಿದೆಯೆಂದು ತಿಳಿದಿದ್ದರೆ ಬಿಡುತ್ತಿರಲಿಲ್ಲ.

ಹಾಗೆಂದು ಬಾಗಿಲಲ್ಲಿ ನಿಲ್ಲಿಸಿ ಹೇಳಿಬಿಡಿ ಎಂಬುದು ನನ್ನ ಅಭಿಪ್ರಾಯವಲ್ಲ. ಕೇಳುವುದಕ್ಕೆ ಇಷ್ಟವಿಲ್ಲದವರೂ ಇದ್ದಾರೆ. ಅದು ಅವರ ಹಕ್ಕು. ಒಳ್ಳೆಯ ವೈದ್ಯರು ಮೊದಲೇ ಒಂದು ಪ್ರಶ್ನೆ ಕೇಳುತ್ತಾರೆ: “ನಿಮ್ಮ ಕಾಯಿಲೆಯ ವಿಷಯ ನಿಮಗೇ ವಿವರವಾಗಿ ಹೇಳಲೋ, ಮನೆಯವರೊಡನೆ ಮಾತಾಡಲೋ?” ಕೆಲವರು “ಮಗನ ಹತ್ತಿರವೇ ಹೇಳಿ ಸ್ವಾಮಿ” ಎಂದುಬಿಡುತ್ತಾರೆ. ಅಲ್ಲಿಗೆ ಮುಗಿಯಿತು. ಇನ್ನು ಕೆಲವರು ಕೇಳಿದಷ್ಟಕ್ಕೆ ಉತ್ತರ ಬಯಸುತ್ತಾರೆ. ಅಷ್ಟೇ ಸಾಕು, ಪುಸ್ತಕವನ್ನೆಲ್ಲ ಓದಿಹೇಳಬೇಕಾಗಿಲ್ಲ. ಆದರೆ ರೋಗಿ ಕೈ ಹಿಡಿದು “ನನಗೆ ಕ್ಯಾನ್ಸರ್ ಅಲ್ಲವೇ?” ಎಂದು ಕೇಳಿದಾಗ “ಛೆ, ಯಾರು ಹೇಳಿದರು!” ಎನ್ನಬಾರದು. “ಯಾಕೆ ಹಾಗನ್ನಿಸಿತು?” ಎಂದು ಪಕ್ಕದಲ್ಲಿ ಕುಳಿತರೆ ಉಳಿದದ್ದು ತಾನಾಗಿ ಬರುತ್ತದೆ.

ಇಲ್ಲಿ ಇನ್ನೊಂದು ವಿಚಿತ್ರವನ್ನು ಹೇಳಬೇಕು. ದುಃಖ ಸಾವಿನ ದಿನ ಹುಟ್ಟುತ್ತದೆಂದು ನಾವು ತಿಳಿದಿದ್ದೇವೆ. 1942ರಲ್ಲಿ ಅಮೆರಿಕದ ಬಾಸ್ಟನ್ ನಗರದ ಒಂದು ವಿಹಾರಗೃಹಕ್ಕೆ ಬೆಂಕಿ ಬಿದ್ದು 492 ಜನ ಸತ್ತರು. ಉಳಿದವರನ್ನೂ ಸತ್ತವರ ನೆಂಟರನ್ನೂ ಕಂಡು ಲಿಂಡ್‌ಮನ್ ಎಂಬ ಮನೋವೈದ್ಯ 1944ರಲ್ಲಿ ದುಃಖದ ವಿಚಾರವಾಗಿ ಒಂದು ಲೇಖನ ಬರೆದ. ಅದರ ಕೊನೆಗೆ ಬೇರೊಂದು ಸಂಗತಿ ಬರುತ್ತದೆ. ಯುದ್ಧಕ್ಕೆ ಹೋದ ಒಬ್ಬ ಸಿಪಾಯಿ ಜೀವಂತವಾಗಿ ಹಿಂದಿರುಗಿದ. ಆದರೆ ಹೆಂಡತಿಗೆ ಅವನ ಮೇಲೆ ಮನಸ್ಸೇ ಉಳಿದಿರಲಿಲ್ಲ, ವಿಚ್ಛೇದನ ಕೇಳಿದಳು. ಅವನು ಸತ್ತೇಹೋಗುವನೆಂದು ದಿನದಿನವೂ ಅತ್ತು, ಆಕೆ ಆ ದುಃಖವನ್ನು ಮುಂಚೆಯೇ ಮುಗಿಸಿಬಿಟ್ಟಿದ್ದಳು. ಇದನ್ನು ಮುಂಗಡ ದುಃಖವೆನ್ನಬಹುದು.

ಕ್ಯಾನ್ಸರ್ ಬಂದ ಮನೆಗಳಲ್ಲಿ ಇದು ಕಾಣುತ್ತದೆ. ವರದಿ ಬಂದ ರಾತ್ರಿಯೇ ಮನಸ್ಸಿನಲ್ಲಿ ಉತ್ತರಕ್ರಿಯೆಯೂ ಮುಗಿದಿರುತ್ತದೆ. ಆದರೆ ಇಂದು ಎಲ್ಲ ಕ್ಯಾನ್ಸರೂ ಸಾವಲ್ಲ. ಸ್ತನದ, ಗರ್ಭಕೊರಳಿನ ಕ್ಯಾನ್ಸರನ್ನು ಮೊದಲ ಹಂತದಲ್ಲೇ ಹಿಡಿದರೆ ಬಹುಪಾಲು ಮಂದಿ ಗುಣ ಹೊಂದುತ್ತಾರೆ. ಮಕ್ಕಳ ರಕ್ತದ ಕ್ಯಾನ್ಸರಿನಲ್ಲಿ ಒಳ್ಳೆಯ ಚಿಕಿತ್ಸೆ ದೊರೆತವರಲ್ಲಿ ಹೆಚ್ಚಿನವರು ಉಳಿಯುತ್ತಾರೆ. ಹೀಗೆ ಉಳಿದು ಮನೆಗೆ ಬಂದ ಗೃಹಿಣಿಯೊಬ್ಬರನ್ನು ನಾನು ಬಲ್ಲೆ. ಸೊಸೆ ಒಲೆಯ ಹತ್ತಿರ ಬರಗೊಡಳು, ಗಂಡ ಖರ್ಚಿನ ಮಾತೆತ್ತನು, ಮಗಳ ಮದುವೆಯ ಮಾತು ಈಕೆ ಬಂದೊಡನೆ ನಿಲ್ಲುತ್ತಿತ್ತು. ಕೊನೆಗೊಂದು ದಿನ ಆಕೆ ಅಂದರಂತೆ: “ನನ್ನನ್ನು ಈಗಲೇ ಫೋಟೋ ಮಾಡಿ ಗೋಡೆಗೆ ಹಾಕಿದ್ದೀರಿ. ಹಾರ ಒಂದು ಬಾಕಿ.” ಮರುದಿನದಿಂದ ತರಕಾರಿ ಹೆಚ್ಚುವ ಕೆಲಸವನ್ನು ಮರಳಿ ಕೊಟ್ಟರು.

ತಟ್ಟೆಲೋಟ ಬೇರೆಯಿಡುವ ಮನೆಗಳೂ ಇವೆ. ಕ್ಯಾನ್ಸರ್ ಮುಟ್ಟಿದರೆ, ಒಟ್ಟಿಗೆ ಉಂಡರೆ, ಪಕ್ಕದಲ್ಲಿ ಮಲಗಿದರೆ ಅಂಟುವ ರೋಗವಲ್ಲ. ವಂಶಪಾರಂಪರ್ಯವಾಗಿ ಬರುವುದೂ ನೂರಕ್ಕೆ ಐದರಿಂದ ಹತ್ತರಷ್ಟು ಮಾತ್ರ. ಹೆಣ್ಣುಮಕ್ಕಳ ಸಂಬಂಧ ತಪ್ಪೀತೆಂದು ತಾಯಿಯ ಕಾಯಿಲೆಯನ್ನು ಮುಚ್ಚಿಟ್ಟು ಚಿಕಿತ್ಸೆಗೆ ತಡಮಾಡುವವರು ಇದನ್ನು ತಿಳಿಯಬೇಕು. ಪೂರ್ವಕರ್ಮದ ಮಾತಂತೂ ರೋಗಿಯ ಎದುರಿಗೆ ಆಡತಕ್ಕದ್ದೇ ಅಲ್ಲ. ಬಾಯಿಯ ಕ್ಯಾನ್ಸರಿನ ಮನೆಗಳಲ್ಲಿ ದುಃಖದ ಜೊತೆಗೆ ಸಿಟ್ಟೂ ಇರುತ್ತದೆ. “ಹೊಗೆಸೊಪ್ಪು ಬಿಡಿ ಎಂದು ಮೂವತ್ತು ವರ್ಷ ಬಾಯಿ ನೋಯಿಸಿಕೊಂಡೆ” ಎಂದು ಹೆಂಡತಿ ಹೇಳಿದರೆ ಅದು ಸುಳ್ಳಲ್ಲ. ಬರಿಯ ಅಡಿಕೆಯೂ ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ಅಂತರರಾಷ್ಟ್ರೀಯ ತಜ್ಞರು 2003ರಲ್ಲಿ ನಿರ್ಣಯಿಸಿದರು. ಆದರೆ ಆ ಮಾತನ್ನು ಕೇಳಬೇಕಾದದ್ದು ಮಕ್ಕಳು. ನುಂಗಲಾರದೆ ಮಲಗಿರುವವನಿಗೆ ಅದರಿಂದ ಪ್ರಯೋಜನವಿಲ್ಲ.

ಮಕ್ಕಳೆಂದೊಡನೆ ನೆನಪಾಯಿತು. ಚಿಕ್ಕವರಿಗೆ ಏನೂ ತಿಳಿಯದೆಂದು ಅಜ್ಜಿಯ ಮನೆಗೆ ಅಟ್ಟಿ, ಕೊನೆಯ ದಿನ ಕರೆಸಿ ಹೆಣವನ್ನು ತೋರಿಸುವುದಕ್ಕಿಂತ ಕ್ರೂರವಾದದ್ದು ನನಗೆ ತೋಚುವುದಿಲ್ಲ. ಹೇಳದೆ ಹೋದರೆ ಮಗು ತಾನೇ ಒಂದು ಕಾರಣ ಕಟ್ಟಿಕೊಳ್ಳುತ್ತದೆ. ‘ನಾನು ಹಟಮಾಡಿದ್ದಕ್ಕೆ ಅಮ್ಮನಿಗೆ ಹೀಗಾಯಿತು’ ಎಂದುಕೊಂಡ ಮಗು ಅದನ್ನು ಯಾರಿಗೂ ಹೇಳುವುದಿಲ್ಲ. ಅಮ್ಮನಿಗೆ ಕ್ಯಾನ್ಸರ್ ಎಂಬ ಕಾಯಿಲೆ, ಅದು ನಿನ್ನಿಂದ ಬಂದದ್ದಲ್ಲ, ನಿನಗೆ ಅಂಟುವುದೂ ಇಲ್ಲ, ಅಮ್ಮ ಆಸ್ಪತ್ರೆಯಲ್ಲಿರುವಾಗ ನಿನಗೆ ಜಡೆ ಹಾಕುವವಳು ಚಿಕ್ಕಮ್ಮ, ಇಷ್ಟು ಹೇಳಿದರೆ ಏಳು ವರ್ಷದ ಮಗುವಿಗೆ ಅರ್ಥವಾಗುತ್ತದೆ.

ನೋಡಲು ಬರುವ ನೆಂಟರ ವಿಷಯ ಒಂದೇ ಮಾತು. ಕಿತ್ತಳೆ ಹಣ್ಣಿನ ಪೊಟ್ಟಣ ಕೆಳಗಿಡುವ ಮುಂಚೆಯೇ “ನಮ್ಮ ಸೋದರಮಾವನಿಗೂ ಇದೇ ಆಗಿತ್ತು, ಮೂರೇ ತಿಂಗಳು” ಎನ್ನುವವರನ್ನು ಹಜಾರದಲ್ಲೇ ಕಾಫಿ ಕೊಟ್ಟು ಕಳುಹಿಸುವುದು ಒಳ್ಳೆಯದು. ರಾತ್ರಿಯೆಲ್ಲ ಎದ್ದಿದ್ದು ಶುಶ್ರೂಷೆ ಮಾಡುವವರು ಹೆಚ್ಚಾಗಿ ಹೆಂಗಸರು, “ನಿಮ್ಮ ಊಟವಾಯಿತೇ? ಎರಡು ಗಂಟೆ ಮಲಗಿ, ನಾನಿಲ್ಲಿ ಕೂತಿರುತ್ತೇನೆ” ಎನ್ನುವ ಬಂಧು ಸಿಕ್ಕರೆ ಅದು ಪುಣ್ಯ.

ಉಳಿದವರ ದುಃಖ ಹೇಗಿರುತ್ತದೆಂಬುದು ಹೋದವರು ಹೇಗೆ ಹೋದರೆಂಬುದನ್ನು ಬಹಳಮಟ್ಟಿಗೆ ಅವಲಂಬಿಸಿದೆ. ನರಳಾಟವನ್ನು ಕಂಡವರಿಗೆ ಆ ಸದ್ದು ವರ್ಷಗಟ್ಟಲೆ ಕಿವಿಯಲ್ಲಿರುತ್ತದೆ. ದಾದಿಯಾಗಿಯೂ ಆಸ್ಪತ್ರೆಯ ಸಮಾಜಸೇವಕಿಯಾಗಿಯೂ ದುಡಿದು, ಕೊನೆಗೆ ವೈದ್ಯೆಯಾದ ಸಿಸಿಲಿ ಸಾಂಡರ್ಸ್ ಎಂಬಾಕೆ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಸಾಂತ್ವನ ಗೃಹವನ್ನು ತೆರೆದರು. ನೋವು ಮೈಯದು ಮಾತ್ರವಲ್ಲ, ಮನಸ್ಸಿನದು, ಸಂಸಾರದ್ದು, ನಂಬಿಕೆಯದು, ಎಲ್ಲ ಸೇರಿ ಒಂದೇ ನೋವು ಎಂಬುದು ಅವರ ಕಾಣ್ಕೆ. ಸತ್ತವರ ಮನೆಯವರನ್ನು ಆಮೇಲೂ ವಿಚಾರಿಸಿಕೊಳ್ಳುವ ಏರ್ಪಾಡು ಅಲ್ಲಿ ಬೆಳೆಯಿತು. ನಮ್ಮ ನೆರೆಯ ಕೋಳಿಕ್ಕೋಡಿನಲ್ಲಿ 1993ರಲ್ಲಿ ಆರಂಭವಾದ ಕೆಲಸ ಕೇರಳದಲ್ಲೆಲ್ಲ ಹರಡಿ, ನೆರೆಹೊರೆಯ ಸಾಮಾನ್ಯ ಜನರೇ ತರಬೇತು ಪಡೆದು ರೋಗಿಗಳ ಮನೆಗೆ ಹೋಗಿಬರುವಂತಾಯಿತು. ಬೆಂಗಳೂರಿನ ‘ಕರುಣಾಶ್ರಯ’ 1999ರಿಂದ, ಗುಣವಾಗುವ ಆಸೆಯಿಲ್ಲದ ಕ್ಯಾನ್ಸರ್ ರೋಗಿಗಳನ್ನು ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತ ಬಂದಿದೆ.

ತೀವ್ರವಾದ ನೋವಿಗೆ ಮಾರ್ಫೀನ್ ಮದ್ದು ಇದೆ. ಬಾಯಿಂದ ತೆಗೆದುಕೊಳ್ಳುವ ಮಾತ್ರೆ. ಮಾದಕವಸ್ತುಗಳ ಬಗ್ಗೆ 1985ರಲ್ಲಿ ಆದ ಕಾನೂನಿನಿಂದ ಅದು ರೋಗಿಗಳಿಗೆ ದೊರೆಯುವುದೇ ದುರ್ಲಭವಾಗಿತ್ತು. 2014ರ ತಿದ್ದುಪಡಿಯಿಂದ ಹಾದಿ ಸ್ವಲ್ಪ ಸಲೀಸಾಯಿತು. ಕಾನೂನಿಗಿಂತ ಮನೆಯವರ ಸಂಕೋಚ ದೊಡ್ಡದು. ‘ಚಟ ಹತ್ತೀತು’ ಎಂದು ಅರ್ಧ ಮಾತ್ರೆ ಕೊಡುವವರಿದ್ದಾರೆ. ನೋವಿಗೆಂದು ವೈದ್ಯರು ಹೇಳಿದ ಅಳತೆಯಲ್ಲಿ, ಹೇಳಿದ ಹೊತ್ತಿಗೆ ಕೊಟ್ಟರೆ ಚಟದ ಭಯವಿಡಬೇಕಾಗಿಲ್ಲ. ನೋವಿಳಿದ ರೋಗಿ ಮಾತಾಡಬಲ್ಲರು; ಮಗಳ ಕೈಯಲ್ಲಿ ಒಂದು ತುತ್ತು ಉಂಡು, ಹೇಳಬೇಕಾದದ್ದನ್ನು ಹೇಳಬಲ್ಲರು.

ಸಾವಿನ ಮೇಲೆ ಹದಿಮೂರು ದಿನ ಮನೆ ತುಂಬ ಜನ. ವೈಕುಂಠ ಸಮಾರಾಧನೆ ಮುಗಿಯುತ್ತದೆ, ಲಿಂಗಾಯತರಲ್ಲಿ ಶಿವಗಣಾರಾಧನೆ ಮುಗಿಯುತ್ತದೆ, ಚಾಪೆಗಳನ್ನು ಸುತ್ತಿಡುತ್ತಾರೆ, ಆಮೇಲೆ ಮನೆ ಭಣಗುಟ್ಟುತ್ತದೆ. ಹಿಂದಿನವರು ತಿಂಗಳು ತಿಂಗಳು ಮಾಸಿಕವನ್ನಿಟ್ಟು, ವರ್ಷಕ್ಕೆ ಶ್ರಾದ್ಧವನ್ನಿಟ್ಟರು. ಮುಸ್ಲಿಮರಲ್ಲಿ ವಿಧವೆಗೆ ನಾಲ್ಕು ತಿಂಗಳು ಹತ್ತು ದಿನದ ಇದ್ದತ್ ಇದೆ. ಇವುಗಳಲ್ಲಿ ಕೆಲವು ಕಟ್ಟುಪಾಡುಗಳು ಹೆಂಗಸರಿಗೆ ಸೆರೆಯಾದದ್ದೂ ಉಂಟು. ಆದರೂ ದುಃಖ ಹದಿನಾಲ್ಕನೆಯ ದಿನಕ್ಕೆ ಮುಗಿಯುವುದಲ್ಲವೆಂಬ ತಿಳಿವಳಿಕೆ ಅವುಗಳ ಹಿಂದೆ ಇದೆಯೆಂದು ನನಗೆ ತೋರುತ್ತದೆ.

ಕ್ಯಾನ್ಸರಿನ ಸಾವಿನ ಹಿಂದೆ ಬರುವ ದುಃಖಕ್ಕೆ ಒಂದು ವಿಶೇಷವಿದೆ. “ಸದ್ಯ, ಬಿಡುಗಡೆಯಾಯಿತು” ಎಂದು ಮನಸ್ಸು ಒಮ್ಮೆ ಅನ್ನುತ್ತದೆ. ಮರುಗಳಿಗೆ, ಹಾಗೆ ಅಂದುಕೊಂಡೆನಲ್ಲ ಎಂದು ತನ್ನನ್ನೇ ಹಳಿದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಾಲ್ಕು ಗಂಟೆಗೆ ಎದ್ದು ಮದ್ದು ಕೊಟ್ಟವಳು ಆಮೇಲೂ ನಾಲ್ಕಕ್ಕೆ ಎದ್ದು ಕೂರುತ್ತಾಳೆ. ಇದು ಹುಚ್ಚಲ್ಲ. ಎಲಿಜಬೆತ್ ಕ್ಯೂಬ್ಲರ್ ರಾಸ್ 1969ರ ತಮ್ಮ ಪುಸ್ತಕದಲ್ಲಿ ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ ಎಂದು ಐದು ಅವಸ್ಥೆಗಳನ್ನು ಹೇಳಿದರು. ಅವರು ಹೇಳಿದ್ದು ಸಾವನ್ನು ಎದುರಿಸುವ ರೋಗಿಗಳನ್ನು ಕಂಡು. ಜನ ಅದನ್ನು ಎಲ್ಲರ ದುಃಖಕ್ಕೂ ಏಣಿಯ ಮೆಟ್ಟಿಲು ಮಾಡಿಕೊಂಡರು. ಮನೆಯ ದುಃಖ ಹಾಗೆ ಮೆಟ್ಟಿಲೇರುವುದಿಲ್ಲ. ಹಬ್ಬದ ದಿನ ಬರುತ್ತದೆ, ಹೋಗುತ್ತದೆ, ಪೆನ್ಷನ್ ಕಾಗದಕ್ಕೆ ರುಜು ಹಾಕುವಾಗ ಮತ್ತೆ ಬರುತ್ತದೆ. ಆದರೆ ಆರು ತಿಂಗಳು ಕಳೆದ ಮೇಲೂ ದಿನದ ಕೆಲಸವೇ ನಡೆಯದಂತಿದ್ದರೆ, ಬದುಕುವುದೇ ಬೇಡವೆನ್ನಿಸುತ್ತಿದ್ದರೆ, ಅದು ವೈದ್ಯರ ನೆರವು ಬೇಕಾದ ಸ್ಥಿತಿ. ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಗೆ 14416 ಸಂಖ್ಯೆಯಲ್ಲಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ.

ಕೊನೆಗೆ ಒಂದು ಸಣ್ಣ ಕೆಲಸದ ಮಾತು. ಗೂಡಿನಲ್ಲಿ ಮದ್ದಿನ ಡಬ್ಬಿಗಳು ಉಳಿದಿರುತ್ತವೆ. ಅವುಗಳನ್ನು ತೆಗೆಯಲು ಯಾರಿಗೂ ಕೈ ಬಾರದು; ತಿಂಗಳುಗಟ್ಟಲೆ ಹಾಗೆಯೇ ಇರುತ್ತವೆ. ಉಳಿದ ಮಾರ್ಫೀನ್ ಮಾತ್ರೆಗಳನ್ನು ಮಾತ್ರ ಇಟ್ಟುಕೊಳ್ಳಬಾರದು, ಬೇರೆ ರೋಗಿಗಾದೀತೆಂದು ನೆರೆಯವರಿಗೆ ಕೊಡಲೂ ಬಾರದು; ಕೊಟ್ಟ ಆಸ್ಪತ್ರೆಗೇ ಹಿಂದಿರುಗಿಸಬೇಕು. ಅಲ್ಲಿಗೆ ಹೋಗುವುದು ಮನೆಯವರಿಗೆ ಕಷ್ಟ. ಗೆಳೆಯರೊಬ್ಬರು ಚೀಲವನ್ನು ತೆಗೆದುಕೊಂಡು ಹೋಗಿಬರಬಹುದು. ಅಥವಾ ಜೊತೆಗೆ ಹೋಗಬಹುದು. ಎಷ್ಟೋ ಮಂದಿಗೆ ಆ ವಾರ್ಡಿನ ದಾದಿಯರನ್ನು ಒಮ್ಮೆ ಕಂಡು ಮಾತಾಡಿಸಿಕೊಂಡು ಬರುವ ಮನಸ್ಸಿರುತ್ತದೆ, ಒಬ್ಬರೇ ಹೋಗಲಾರರು.